ಹದಿನೇಳು ಡಬ್ಬಿ

ಅರಸೀಕೆರೆ ರೈಲ್ವೆ ಕ್ವಾರ್ಟರ್ಸಿನ ಹಿಂದೆ,
ಕೊಬ್ಬರಿ ಗೋಡೌನಿನಲ್ಲಿ ಸಿನಿಮಾ ತೆಗೀತೀವಿ, ಬನ್ನಿ ಅಂದ ಯೋಗಾನಂದ.
ದುಡ್ಡೆಷ್ಟು ಅಂದೆ. ಊಟ ಇದೆ ಅಂದ.
ಹೊರಟೆ, ತಗಡಿನ ಪೆಟ್ಟಿಗೆ ಕ್ಯಾರಿಯರಿಗೆ ಬಿಗಿದು.

ಪೆಟ್ಟಿಗೆಯಲ್ಲಿ ಹದಿನೇಳು ಡಬ್ಬಿ.
ಸಫೇತು, ಅರದಾಳ, ಇಂಗಳೀಕ,
ದೇವರಿಗೆ ನೀಲಿ, ರಾಜರಿಗೆ ಗುಲಾಬಿ,
ರಕ್ಕಸರಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ದೀಪದ ಮಸಿ.
ನಲವತ್ತು ವರ್ಷ, ಹಾರನಹಳ್ಳಿಯಿಂದ ಬಾಣಾವರದವರೆಗೆ
ಎಷ್ಟು ಮುಖ ಬೆಳ್ಳಗೆ ಮಾಡಿದ್ದೇನೋ
ಲೆಕ್ಕ ಇಟ್ಟವರು ಯಾರು.

ಐದೇ ಜನ. ಕ್ಯಾಮೆರಾ ಹಿಡಿದವನು ತೊಂಬಾ,
ಮಣಿಪುರದವನು, ಹಾಸನದಲ್ಲಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು.
ಟೀ ಅಂಗಡಿಯ ಪುಸ್ತಕದಲ್ಲಿ ಅವನ ಲೆಕ್ಕ:
ಚೀನಾ, ಎರಡು ಟೀ, ಒಂದು ಬನ್ನು.
ಪೆನ್ನು ಇಸಕೊಂಡು ಅದನ್ನು ಹೊಡೆದು ಹಾಕಿದ,
ತನ್ನ ಹೆಸರು ಬರೆದ, ಕನ್ನಡದಲ್ಲೇ,
ಸೊನ್ನೆ ಎಲ್ಲಿಗೆ ಅಂತ ತಿಳಿಯದೆ ಎರಡು ಕಡೆ ಇಟ್ಟು.

ರೆಜಿನಾ ಬಂದಳು, ಹಳಿಯಾಳದ ಕಡೆಯ ಸಿದ್ದಿ ಹುಡುಗಿ,
ರಾತ್ರಿ ಬಸ್ಸಿನ ಧೂಳು ವೇಲಿನಲ್ಲಿ.
ಹಿಂದೆ ಮೂರು ಸಿನಿಮಾ ಮಾಡಿದ್ದಳಂತೆ.
ಒಂದರಲ್ಲಿ ಕಾಡಿನ ದೆವ್ವ,
ಒಂದರಲ್ಲಿ ಡ್ರಗ್ಸ್ ಮಾರುವ ಆಫ್ರಿಕಾದವಳು,
ಒಂದರಲ್ಲಿ ಬಾಯಿ ಅವಳದು, ದನಿ ಬೇರೆಯವಳದು.
ಇದರಲ್ಲಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಅಷ್ಟೇ.
ಗಂಡನ ಮೇಲೆ ಸಿಟ್ಟು, ಮಂಡಿನೋವು, ಚಿಲ್ಲರೆಯ ತಾಪತ್ರಯ.

ಕೂರಿಸಿದೆ. ಮುಂಗೈ ಮೇಲೆ ಒಂದೊಂದೇ ಹಚ್ಚಿ ನೋಡಿದೆ.
ಒಂದು ಬೂದಿಯ ಹಾಗೆ ಕಂಡಿತು, ಒಂದು ಕೆಮ್ಮಣ್ಣು,
ಗುಲಾಬಿ ಅಂತೂ ಗಾಯದ ಹಾಗೆ.
ಉಳಿದದ್ದು ಮಸಿ. ಬೆರಳು ಆ ಡಬ್ಬಿಯ ತನಕ ಹೋಗಿ
ಹಿಂದೆ ಬಂತು. ಅವಳು ನೋಡಿದಳು.
ನೋಡಿದ್ದು ನನಗೆ ಗೊತ್ತಾಯ್ತು.
"ಮಾಮಾ, ಬೆವರು ಒರಸ್ರಿ, ಸಾಕು."

ಒರೆಸಿದೆ.

ಮೊದಲ ಶಾಟಿನಲ್ಲಿ ಕಿಟಕಿ ಕಂಡಿತು, ಟಿಕೆಟ್ಟು ಕಂಡಿತು,
ಹಿಂದಿನ ಸುಣ್ಣದ ಗೋಡೆ ಬಿರುಕಿನ ಸಮೇತ ಕಂಡಿತು.
ಅವಳಿದ್ದ ಜಾಗದಲ್ಲಿ ಎರಡು ಕಣ್ಣು, ಒಂದಿಷ್ಟು ಹಲ್ಲು.
ಲೈಟು ಸಾಲದು ಅಂದ ಯೋಗಾನಂದ.
"ಲೈಟು ಇದೆ. ಎಲ್ಲಾ ಗೋಡೆಗೆ ಕೊಡ್ತಾ ಇದೀವಿ" ಅಂದ ತೊಂಬಾ,
ಒಂದು ಚಕ್ರ ತಿರುಗಿಸಿದ. ಗೋಡೆ ಉರಿದು ಹೋಯಿತು.
ಬಿರುಕು, ಕ್ಯಾಲೆಂಡರು, ಮೊಳೆ, ಎಲ್ಲ ಬೆಳಕಿನಲ್ಲಿ ಕರಗಿ
ಆಗ ಬಂತು ಮುಖ.
ಹುಬ್ಬಿನ ಮೇಲೊಂದು ಹಳೇ ಹೊಲಿಗೆ,
ಕೆನ್ನೆಯಲ್ಲಿ ತಾಮ್ರ, ತುಟಿಯಂಚಿಗೆ ನೇರಳೆ,
ಹದಿನೇಳರಲ್ಲಿ ಯಾವುದರಲ್ಲೂ ಇಲ್ಲದ್ದು.

ನನಗೆ ಶೈಲಜಾ ನೆನಪಾದಳು.
ಮಗಳ ಮದುವೆಗೆ ನಾನೇ ಮೂರು ಪದರ ಬಳಿದಿದ್ದೆ.
ಆಲ್ಬಮ್ಮಿನಲ್ಲಿ ಮುಖ ಯಾರದೋ, ಕೈ ಅವಳದು.
ಅದನ್ನವಳು ಗಂಡನ ಮನೆಗೆ ಒಯ್ಯಲಿಲ್ಲ.
ಯಾಕೆ ಅಂತ ನಾನು ಕೇಳಿರಲಿಲ್ಲ.

ಅದೇ ಗೋಡೌನಿನಲ್ಲಿ ಬೆಡ್‌ಶೀಟು ಕಟ್ಟಿ ತೋರಿಸಿದರು.
ಹಮಾಲರು ಮೂಟೆಗಳ ಮೇಲೆ ಕೂತು ನೋಡಿದರು.
"ಕನ್ನಡ ಎಷ್ಟು ಚೆನ್ನಾಗಿ ಕಲಿತಿದಾಳೆ, ಪಾಪ" ಅಂದ ಒಬ್ಬ.
"ನೀವು ಯಾವಾಗ ಕಲಿತ್ರಿ?" ಕತ್ತಲಿಂದ ರೆಜಿನಾಳ ದನಿ.
ಎಲ್ಲರೂ ನಕ್ಕರು. ಅವಳು ನಗಲಿಲ್ಲ.
ಕೊನೆಗೆ ಹೆಸರುಗಳು. ಮೇಕಪ್: ಸಣ್ಣರಂಗಯ್ಯ.
ಏನೂ ಹಚ್ಚಿಲ್ಲವಲ್ರೋ ಅಂದೆ.
ಅದಕ್ಕೇ, ಅಂದ ತೊಂಬಾ.

ಮೊನ್ನೆ ಶನಿವಾರ ಬಾಣಾವರದಲ್ಲಿ ನಾಟಕ.
ರಕ್ಕಸನ ಪಾರ್ಟಿನ ಮೇಷ್ಟ್ರು ಬನಿಯನ್ ಬಿಚ್ಚಿ ಕೂತರು.
ಮಸಿ ಡಬ್ಬಿಯ ಮುಚ್ಚಳ ತೆಗೆದೆ.
"ಬೇಗ ಬಳಿಯಪ್ಪ, ಹಾರ್ಮೋನಿಯಂ ಶುರುವಾಯ್ತು."
ಟವೆಲ್ಲು ತಗೊಂಡೆ,
ಮೊದಲು ಅವರ ಬೆವರು ಒರೆಸಿದೆ,
ಎಷ್ಟು ಹೊತ್ತು ಒರೆಸ್ತೀಯೋ ಅಂತ ಅವರು ಬಯ್ಯುವ ತನಕ.