ಘಾಟು

ಜ್ವರ ಬಿಟ್ಟಾಗ ವಾಸನೆಯೂ ಬಿಟ್ಟುಹೋಯಿತು.
ಮಲ್ಲಿಗೆ ಬರೀ ಬಿಳಿ, ಸಾರು ಬರೀ ಬಿಸಿ,
ಮಗುವಿನ ನೆತ್ತಿ ಬರೀ ಮೆತ್ತಗೆ.

ಹಾಸನದ ದೊಡ್ಡಾಸ್ಪತ್ರೆಯ ಹುಡುಗಿ ಡಾಕ್ಟರು
ಚೀಟಿಯ ಹಿಂದೆ ಒಂದು ಮುಖ ಬರೆದು
ಕಿವಿಯ ಪಕ್ಕದಿಂದ ಮೂರು ಗೆರೆ ಎಳೆದಳು,
ಹಣೆಗೊಂದು, ಕೆನ್ನೆಗೊಂದು, ದವಡೆಗೊಂದು.
ಇದು ಬೇರೆ ನರ, ದೇವೀರಮ್ಮ.
ಇದಕ್ಕೆ ಹೂವು ಗೊತ್ತಿಲ್ಲ, ಮುಳ್ಳು ಗೊತ್ತು.

ನಕ್ಕೆ. ಅಡುಗೆಮನೆಯಲ್ಲಿ ಅದಕ್ಕೆ ಹೆಸರಿದೆ:
ವಾಸನೆ ಬೇರೆ, ಘಾಟು ಬೇರೆ.
ಒಗ್ಗರಣೆಯ ಮೆಣಸಿನಕಾಯಿ ಸೀದದ್ದನ್ನು
ಈಗಲೂ ನನಗೆ ಕೆಮ್ಮೇ ಹೇಳುತ್ತದೆ.
ನಮ್ಮತ್ತೆ ದೃಷ್ಟಿ ತೆಗೆದು, ಮೆಣಸಿನಕಾಯಿ ಒಲೆಗೆ ಹಾಕಿ
ಎಲ್ಲರ ಮುಖ ನೋಡುತ್ತಿದ್ದಳು.
ಯಾರೂ ಸೀನದ ಮನೆಯನ್ನು ಅವಳು ನಂಬುತ್ತಿರಲಿಲ್ಲ.

ನನ್ನ ಕೆಲಸ ಬೇಲೂರು ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ.
ಜಲಂಧರದ ಬೀಜದ ಆಲೂಗಡ್ಡೆ,
ಮೂಟೆ ಬಿಚ್ಚಿ ಕೊಳೆತದ್ದು ಆರಿಸಬೇಕು.
ಉಳಿದವರು ಮೂಸಿ ಎಸೆಯುತ್ತಾರೆ,
ನಾನು ಒಂದೊಂದನ್ನೂ ಒತ್ತಿ ನೋಡುತ್ತೇನೆ.
ಮೂಗಿಲ್ಲದವಳಿಗೆ ಪೂರ್ತಿ ಕೂಲಿ ಯಾಕೆ
ಅಂದಿದ್ದ ಮೇಸ್ತ್ರಿ ಲಕ್ಕೇಗೌಡ.

ಸಂತೆಯ ಮಂಗಳವಾರ. ಎರಡನೇ ಚೇಂಬರಿನ ಬಾಗಿಲು.
ಕಣ್ಣಂಚು ಚುರ್ ಅಂದಿತು.
ಮೂಗಿನ ಒಳಗೋಡೆಗೆ ಯಾರೋ
ಸೂಜಿಮೊನೆ ತಾಗಿಸಿ ತೆಗೆದ ಹಾಗೆ.
ಉಸಿರನ್ನು ನಾನು ಹಿಡಿಯಲಿಲ್ಲ,
ಎದೆಯೇ ಕದ ಹಾಕಿಕೊಂಡಿತು.
ಉಚ್ಚೆಯೋ, ಗೊಬ್ಬರವೋ, ಗ್ಯಾಸೋ,
ಹೆಸರು ಬರಲಿಲ್ಲ.
ಹೆಸರಿಗಿಂತ ಮೊದಲು ನೋವು ಬಂದಿತ್ತು.

ನಡೀರಿ ಹೊರಗೆ, ಅಂದೆ.
ಹೆಂಗಸರು ಏಳಲಿಲ್ಲ. ಅವರಿಗೆ ಅಮೋನಿಯಾ
ಹಳೇ ಗಂಡನಷ್ಟು ರೂಢಿ.
ಲಕ್ಕೇಗೌಡ ಮೂಗೆತ್ತಿ ಮೂಸಿದ:
ದಿನಾ ಇರೋದೇ ಅಲ್ವಾ ಇದು?
ಮಾತು ಮುಗಿಸುವ ಮೊದಲೇ ಕೆಮ್ಮಿದ.

ಮಷೀನ್ ರೂಮಿನ ಫಯಾಜ್ ಒದ್ದೆ ಬಟ್ಟೆ ಕಟ್ಟಿಕೊಂಡು
ಒಳಗೆ ಓಡಿದ, ವಾಲ್ವು ತಿರುಗಿಸಿದ, ತೆವಳುತ್ತ ಬಂದ.
ಲಾರಿಯ ನೆರಳಲ್ಲಿ ಎಂಟು ಜನ
ಬಳಬಳ ಅಳುತ್ತ ಕೂತಿದ್ದೆವು,
ಯಾರಿಗೂ ದುಃಖವಿರಲಿಲ್ಲ.
ದಾರಿಹೋಕನೊಬ್ಬ ಬೈಕು ನಿಲ್ಲಿಸಿ
ಯಾರು ಹೋದರು ಅಂತ ಕೇಳಿದ.

ಆ ವಾರ ಪೂರ್ತಿ ಕೂಲಿ ಕೊಟ್ಟರು. ಆ ವಾರ ಮಾತ್ರ.

ರಾತ್ರಿ ಮಗುವಿನ ನೆತ್ತಿಗೆ ಮೂಗಿಟ್ಟೆ.
ಏನೂ ಇಲ್ಲ.
ಹರಳೆಣ್ಣೆ ಹಚ್ಚಿದ್ದೆ, ಅದೂ ಇಲ್ಲ.
ಎಲ್ಲೂ ಚುಚ್ಚಲಿಲ್ಲ, ಎಲ್ಲೂ ಉರಿಯಲಿಲ್ಲ.
ಮತ್ತೊಮ್ಮೆ, ಆಳಕ್ಕೆ, ಎಳೆದುಕೊಂಡೆ.