ಬಾವುಟದ ದಿಕ್ಕು

ಕಾರವಾರವೆಂದರೆ ನಮಗೆ ಶಹರ.
ಬೇಲೆಕೇರಿಯಿಂದ ಹೊರಟ ಟೆಂಪೊದಲ್ಲಿ
ಒಂಬತ್ತು ಜನ, ಒಂದು ಊಟದ ಬುಟ್ಟಿ,
ಬಿಣಗಾ ತಿರುವಿನಲ್ಲಿ ಎರಡು ಸಲ ವಾಂತಿ ಮಾಡಿದ ತನುಜಾ,
ಮುಂದಿನ ಸೀಟಿನಲ್ಲಿ ಮಾಣಕು ಅಜ್ಜಿ,
ಅವಳ ಮಡಿಲಲ್ಲಿ ಐವತ್ತು ವರ್ಷದ ಒಂದು ಜಗಳ.

ಜಗಳ ಇಷ್ಟೆ:
ಸಾಗರವಿಲಾಸ ನಾಟಕಗೃಹದ ದೊಡ್ಡ ಪರದೆಯ ಮೇಲೆ
ಬರೆದ ಹಾಯಿದೋಣಿ ತಪ್ಪು ಎಂದು ಅಜ್ಜ.
ಹಾಯಿ ಉಬ್ಬಿದ್ದು ಸದಾಶಿವಗಡದ ಕಡೆಗೆ,
ಬಾವುಟ ಹಾರುವುದು ಬೈತಖೋಲದ ಕಡೆಗೆ.
"ಒಂದೇ ದೋಣಿಗೆ ಎರಡು ಗಾಳಿ ಎಲ್ಲಿಂದ ಬಂತೆ?"
ಉಣ್ಣುವಾಗ, ಬಲೆ ಹೊಲಿಯುವಾಗ, ಜ್ವರದಲ್ಲಿ ಕೂಡ
ಅದೇ ಮಾತು.

ಮಳೆಗಾಲ ಹತ್ತಿ ದೋಣಿ ದಡಕ್ಕೆ ಬಿದ್ದರೆ
ಪುರ್ಸು ಅಜ್ಜನಿಗೆ ಅಲ್ಲಿ ಪರದೆ ಎಳೆವ ಕೆಲಸ.
ಹಗ್ಗ ಬಲ್ಲವನಲ್ಲವೆ, ಕಂಪನಿಯವರು ಬಿಡಲಿಲ್ಲ.
ಆಸ್ಥಾನ, ಕಾಡು, ಸ್ಮಶಾನ, ಎಲ್ಲವೂ
ಅವನ ಅಂಗೈಯ ದಡ್ಡಿನ ಮೇಲೆ ಏರಿ ಇಳಿದವು.
ನಾಟಕ ನೋಡಿದ್ದು ಮಾತ್ರ ಬದಿಯಿಂದ:
ಸೀತೆಯ ಒಂದು ಕಿವಿ,
ರಾವಣನ ಬೆನ್ನಿನ ಬೆವರು.

ಅಜ್ಜಿಗೆ ಅಷ್ಟೂ ಸಿಗಲಿಲ್ಲ.
ಹೊರಗಿನ ಗೋಡೆಗೆ ಒರಗಿ ಒಣಮೀನು ಮಾರಿದವಳು.
ಹಾರ್ಮೋನಿಯಂ ಕೇಳಿದ್ದಾಳೆ, ಚಪ್ಪಾಳೆ ಕೇಳಿದ್ದಾಳೆ;
ಒಳಗೆ ಬಂದರೆ ನಾತ ಬಡಿಯುತ್ತದೆ ಅಂದಿದ್ದರಂತೆ ಯಾರೋ.
ಹಾಗಾಗಿ ದೋಣಿಯ ಸುದ್ದಿ ಬಂದಾಗಲೆಲ್ಲ
"ಸುಳ್ಳು. ಬರೆದವನಿಗೇನು ಕಣ್ಣಿರಲಿಲ್ಲವೊ" ಎನ್ನುವಳು.
ಒಂದು ವರ್ಷ, ಯಾಕೋ, ಅಜ್ಜ ಆ ಮಾತು ಬಿಟ್ಟ.
ಸೋತ, ಅಂದುಕೊಂಡಳು.
ಗೆದ್ದದ್ದು ಅವಳಿಗೆ ಅಷ್ಟೇನೂ ಹಿಡಿಸಲಿಲ್ಲ.

ವಾಚ್‌ಮನ್ ಮೂರು ಬೀಗ ತೆಗೆದ.
ಒಳಗೆ ಕತ್ತಲೆ, ಕಿತ್ತ ಕುರ್ಚಿಗಳು,
ಬಾಲ್ಕನಿಯ ಕಂಬಕ್ಕೆ ಇನ್ನೂ ಉಳಿದ ಹಸಿರು ಬಳ್ಳಿಯ ಚಿತ್ತಾರ.
ಅಜ್ಜಿ ಮೊದಲನೇ ಸಾಲಿನಲ್ಲಿ ಕೂತಳು,
ಸೆರಗು ಮೂಗಿನ ಹತ್ತಿರ ತಂದು ತಾನೇ ಮೂಸಿದಳು.
"ನಾತ ಬರ್ತದ್ಯ?"
"ಅದು ಬಾವಲಿದು ಅಜ್ಜಿ," ಅಂದ ವಾಚ್‌ಮನ್.
ಅವಳಿಗೆ ಸಮಾಧಾನವಾದಂತೆ ಕಂಡಿತು.

ಪರದೆ ಇಳಿಸಲು ಮೂರು ಜನ ಬೇಕಾಯಿತು.
ಧೂಳು ಮೊದಲು ಬಂತು, ಆಮೇಲೆ ಗುಡ್ಡ,
ಆಮೇಲೆ ಕಾಳಿನದಿಯ ಬಾಯಿ, ಕೊನೆಗೆ ದೋಣಿ.
ಹಾಯಿ ಗಡದ ಕಡೆಗೆ.
ಬಾವುಟವೂ ಗಡದ ಕಡೆಗೆ.
ಎಲ್ಲ ಸರಿಯಾಗಿಯೇ ಇತ್ತು.

"ಹಂಗಾರೆ ಅಜ್ಜಂದೇ ಸುಳ್ಳು," ಅಂದ ಉಮಾಕಾಂತ ಮಾವ,
ಇದಕ್ಕಾಗಿ ಟೆಂಪೊ ಬಾಡಿಗೆ ಕೊಟ್ಟವನ ದನಿಯಲ್ಲಿ.

ಅಜ್ಜಿ ಎದ್ದಳು. ತನುಜಾಳ ಭುಜ ಹಿಡಿದು
ರಂಗದ ಐದು ಮೆಟ್ಟಿಲು ಹತ್ತಿದಳು,
ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು.
ಹಾಯಿಕಂಬದ ಈಚೆಗೆ, ಆಕಾಶದಲ್ಲಿ,
ಒಂದು ತೇಪೆ. ಉಳಿದ ನೀಲಿಗಿಂತ ಕಡುನೀಲಿ.
ಉಗುರಿನಿಂದ ಕೆರೆದಳು: ಸುತ್ತಲ ಆಕಾಶ ಪುಡಿಪುಡಿ,
ತೇಪೆ ಮಾತ್ರ ಉಪ್ಪುನೀರಿಗೂ ಜಗ್ಗದ ಬಣ್ಣ.
ಕಂಬದ ಆಚೆ ಬಾವುಟ, ದಪ್ಪ ಕೆಂಪು,
ಬರೆಯಲು ಬಾರದವನು ಒತ್ತಿ ಒತ್ತಿ ಬರೆದದ್ದು.

"ಆ ವರ್ಷ," ಅಂದಳು,
"ದೋಣಿಯ ಎಡಮಗ್ಗುಲಿಗೆ ಬಣ್ಣ ಸಾಲಲಿಲ್ಲ.
ಡಬ್ಬಿ ಮಗುಚಿ ಬಿತ್ತು ಅಂದಿದ್ದ.
ನಾ ಮೂರು ದಿನ ಮಾತು ಬಿಟ್ಟಿದ್ದೆ."

ನಾವು ಯಾರೂ ಏನೂ ಅನ್ನಲಿಲ್ಲ.
ಎಲ್ಲೋ ಮೇಲೆ ರಾಟೆಯೊಂದು ತಾನಾಗಿ ಕಿರುಗುಟ್ಟಿತು,
ಬುಟ್ಟಿಯಲ್ಲಿ ಹುರಿದ ಬಂಗಡೆಯ ವಾಸನೆ
ಮೊದಲ ಸಾಲಿನ ತನಕ ನಡೆದು ಬಂತು.

ವಾಪಸು ಬರುವಾಗ ಅಮದಳ್ಳಿ ದಾಟುವತನಕ
ಕಿಟಕಿಗೆ ತಲೆಯಿಟ್ಟು ನಿದ್ದೆ ಬಂದವಳಂತಿದ್ದಳು.
ಆಮೇಲೆ ಒಮ್ಮೆಗೇ ಎದ್ದು ಕೂತು
ಪಕ್ಕದಲ್ಲಿ ಇಲ್ಲದವನಿಗೆ ಜೋರಾಗಿ ಹೇಳಿದಳು:
"ಬಾವುಟಕ್ಕೆ ಹಗ್ಗ ಬರೆದೇ ಇಲ್ವಲ್ಲ ಮಾರಾಯ,
ಹಗ್ಗ ಎಳಿಯುವವನಾಗಿ!"