ರಿಸರ್ವಿನ್ಯಾಗ

ಟ್ಯಾಂಕಿನ ಮುಚ್ಚಳ ತಗದು ಕಿವಿ ಇಡತೇನಿ,
ಚಾ ಕುಡಿಯೂದಕ್ಕಿಂತ ಮೊದಲು.
ಎಡಕ್ಕೊಮ್ಮೆ ಅಳ್ಳಾಡಸ್ತೇನಿ, ಬಲಕ್ಕೊಮ್ಮೆ.
ಸಪ್ಪಳದ ಮ್ಯಾಲ ಗೊತ್ತಾಗತೈತಿ
ಇವತ್ತ ಘಂಟಿಕೇರಿ ತನಕಾನೋ, ಗೋಕುಲ ರೋಡ್ ತನಕಾನೋ.
"ಕೂಸಿನ ಹೊಟ್ಟಿ ನೋಡಿಧಂಗ ನೋಡ್ತೀರಲ್ಲ" ಅಂತಾಳ
ಗಂಗಮಾಳವ್ವ, ಬಾಗಲದಾಗ ನಿಂತು,
ಹಲ್ಲಿಗೆ ಮಿಶ್ರಿ ಹಚ್ಚಿಕೋತ.

ಪಿಗ್ಮಿ ಎತ್ತಾಂವ ನಾನು.
ಇಪ್ಪತ್ತೊಂದು ವರ್ಷದಿಂದ ಮಂದಿಯ ಹತ್ತು, ಇಪ್ಪತ್ತು, ಐವತ್ತು
ನನ್ನ ಎದಿಮ್ಯಾಗಿನ ಚೀಲದಾಗ ಕೂತು
ಹುಬ್ಬಳ್ಳಿ ಸುತ್ತತಾವ.
ನೂರಕ್ಕ ಮೂರು ನಂದು.
ಆ ಮೂರನ್ನ ಗಾಡಿ ಕುಡೀತೈತಿ.

ನಂದೂ ಒಂದು ಉಳಿತಾಯ ಐತಿ: ಇಳಕಲು.
ನೃಪತುಂಗ ಬೆಟ್ಟದ ಬಾಜೂಕ ಕೀ ಹೊರಳಿಸಿ,
ಕ್ಲಚ್ ಹಿಡದು ಬಿಟ್ಟರ
ಅಶೋಕನಗರದ ತನಕ ಪುಕ್ಕಟೆ.
ಎಂಜಿನ್ ಸುಮ್ಮನಾದ ಮ್ಯಾಲ ಕೇಳಸ್ತಾವ
ಇಷ್ಟು ವರ್ಷ ಕೇಳದಾವು:
ಗೋದಿ ಹಸನ ಮಾಡೂ ಮೊರ, ಕುಕ್ಕರಿನ ಸೀಟಿ,
ಮ್ಯಾಳಿಗಿ ಮ್ಯಾಲ ಯಾರೋ ಯಾರಿಗೋ ಬೈಯೂದು,
ನನ್ನ ಚೈನಿಗೆ ಎಣ್ಣಿ ಬೇಕಾಗಿರೂದು.

ಹೊಸೂರ ಸರ್ಕಲ್ಲಿನ ಕೆಂಪು ದೀಪಕ್ಕ
ನಲವತ್ತು ಗಾಡಿ ಒಮ್ಮೆಲೇ ಬಂದ್.
ಯಾರೋ ತೀರಿಕೊಂಡವರಿಗೆ ಮೌನ ಹಿಡದಂಗ ನಿಂತಿರತೇವಿ.
ಹಸರಾದ ಕೂಡ್ಲೇ ಎಲ್ಲಾರೂ ಒದಿಯೂದು.

ಖಾಜಾಸಾಬ್ ನದಾಫ ಕಾರ್ಬರೇಟರಿನ ತಿರುಪು
ಕಾಲು ಸುತ್ತು ಬಿಗದು ಹೇಳಿದ:
"ಐದು ಕಿಲೋಮೀಟರ್ ಹೆಚ್ಚು ಕೊಡತೈತಿ,
ಆದರ ಏರಿನ್ಯಾಗ ಸಿಟ್ಟು ಮಾಡತೈತಿ."
ಮಾಡಲಿ ಬಿಡೋ, ಮನ್ಯಾಗೂ ಮಾಡ್ತಾರ.

ಅಮರಗೋಳದಾಗ ಶಂಕ್ರವ್ವ ಪತ್ತಾರ, ರವಿಕಿ ಹೊಲಿಯಾಕಿ.
ಹೋಗಿ ಬರಾಕ ಹದಿನೆಂಟು ಕಿಲೋಮೀಟರು.
ಆಕೀದು ದಿನಕ್ಕ ಇಪ್ಪತ್ತು. ನನ್ನ ಪಾಲು ಅರವತ್ತು ಪೈಸೆ.
ಲೆಕ್ಕ ಮಾಡಬಾರದಿತ್ತು, ಮಾಡಿದೆ.
ಪಟ್ಟಿಯೊಳಗ ಆಕಿ ಹೆಸರಿನ ಮ್ಯಾಲ ಗೆರಿ ಎಳದೆ,
ಪೆನ್ಸಿಲಿನಿಂದ.
ಹಿಂದಕ ಒಮ್ಮೆ ಅಂದಿದ್ದೆ, ವಾರಕ್ಕೊಮ್ಮೆ ಬರತೇನಿ, ಕೂಡಿಸಿ ಇಡವಾ.
"ಕೂಡಿಸಿ ಇಡಾಕ ಬರೂಹಂಗಿದ್ರ ನೀವ್ಯಾಕ ಬೇಕಿತ್ರಿ?
ಮನ್ಯಾಗ ಇಟ್ಟ ರೊಕ್ಕಕ್ಕ ಕಾಲು ಬರತಾವ."

ಕಡೇ ಸಲ ಹೇಳಿ ಬರೂಣಂತ ಹೋದ ದಿನ
ಉಣಕಲ್ ಕೆರಿ ದಾಟಿ ಏರಿನ್ಯಾಗ ಗಾಡಿ ಖೊಕ್ ಅಂತು.
ರಿಸರ್ವಿಗೆ ಹೊರಳಿಸಾಕ ಹ್ವಾದೆ.
ಮೊದಲಿಂದನ ರಿಸರ್ವಿನ್ಯಾಗ ಇತ್ತು.
ರಸ್ತೆ ಬದಿಗೆ ಅದನ್ನ ಮಗ್ಗಲಾಗಿ ಮಲಗಿಸಿದೆ,
ಎಬ್ಬಿಸಿದೆ, ಒದ್ದೆ, ಬೇಡಿಕೊಂಡೆ.
ತನ್ನ ದಾರಿಯೊಳಗ ತಾನು ಚಿಗರಿ ಬಸ್ಸು ಹೋತು, ತಣ್ಣಗ.
ಚೀಲದಾಗ ಆರು ಸಾವಿರದ ನಾಕನೂರ ಐವತ್ತು, ಮಂದೀದು.
ಕಿಸೆದಾಗ ಮೂವತ್ತು.

"ಕಾಕಾ, ನ್ಯೂಟ್ರಲ್ ಹಾಕ್ರಿ."
ಬೆನ್ನಿಗೆ ಊಟದ ದೊಡ್ಡ ಚೀಲ ಕಟ್ಟಿಕೊಂಡ ಹುಡುಗ
ತನ್ನ ಗಾಡಿ ಮ್ಯಾಲ ಕೂತಂಗ
ನನ್ನ ಹಿಂದಿನ ಫುಟ್‌ರೆಸ್ಟಿಗೆ ಎಡಗಾಲು ಕೊಟ್ಟ.
ಅವನ ಪೆಟ್ರೋಲು, ನನ್ನ ಗಾಲಿ.
ಹ್ಯಾಂಡಲ್ ಅಷ್ಟ ನಂದು.
ಯಾರದೋ ಬಿರಿಯಾನಿ ವಾಸನಿ ಬೆನ್ನ ಹಿಂದ,
ಭೈರಿದೇವರಕೊಪ್ಪದ ಪಂಪಿನ ತನಕ.

ಹೆಸರೇನಪಾ, ಅಂದೆ.
"ಆರ್ಡರ್ ತಡಾ ಆಗೇತ್ರಿ" ಅಂದ.
ಹೋಗೂ ಮುಂದ ಬಗ್ಗಿ ನನ್ನ ಸೀಟು ಮುಟ್ಟಿ
ಕಣ್ಣಿಗೆ ಒತ್ತಿಕೊಂಡ, ಕಾಲು ಹಚ್ಚಿದ್ದಕ್ಕ.

ಪಂಪಿನ ಹುಡುಗಿ ಎರಡು ಸಲ ಕೇಳಿದಳು, "ಮೂವತ್ತಕ್ಕ?"
ಮೀಟರು ಓಡಾಕ ಸುರು ಮಾಡೂದ್ರಾಗ ನಿಂತತು.

ಶಂಕ್ರವ್ವ ಮಶೀನಿನ ಖಾನಿಯಿಂದ ನೋಟು ತಗದಳು,
ಹಸರ ದಾರದ ಎಳಿ ಅಂಟಿತ್ತು ಅದಕ್ಕ.
"ಬೆವರೀರಲ್ಲ, ನೀರು ಕುಡೀರಿ" ಅಂದಳು.
ಕುಡದೆ. ಪಾವತಿ ಹರದು ಕೊಟ್ಟೆ.
ಹೇಳಬೇಕಾದದ್ದು ಗಂಟಲದಾಗ ಉಳೀತು.

ಹೊಳ್ಳಿ ಬರೂ ಮುಂದ ಆ ಏರು ಇಳಕಲಾಗಿತ್ತು.
ಕೀ ಹೊರಳಿಸಿ ಬಿಟ್ಟೆ.
ಪೆನ್ಸಿಲಿನ ಗೆರಿ ಇನ್ನೂ ಐತಿ ಪಟ್ಟಿಯೊಳಗ.
ರಬ್ಬರ್ ಹುಡುಕಿಲ್ಲ,
ಪೆನ್ನೂ ಹಚ್ಚಿಲ್ಲ.